ಬ್ಯಾಟರಿ ಸ್ಪೀಕರ್‌ಗೆ ಯಾವ ಆಂಪ್ಲಿಫೈಯರ್ ಬೋರ್ಡ್? ವ್ಯಾಟ್ ಆಮೇಲೆ, ಮೊದಲು ಬ್ಯಾಟರಿ

ಬೆಂಗಳೂರಿನ ಎಸ್.ಪಿ. ರೋಡಿನ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘ಒಂದು ಸಣ್ಣ ಆಂಪ್ಲಿಫೈಯರ್ ಬೋರ್ಡ್ ಕೊಡಿ’ ಅನ್ನಿ. ‘ಎಷ್ಟು ವ್ಯಾಟ್ ಸಾರ್?’ ಅಂತ ತಕ್ಷಣ ಕೇಳುತ್ತಾರೆ. ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಸ್ಪೀಕರ್ ಆದರೆ ಆ ಪ್ರಶ್ನೆ ಸರಿ. ಬ್ಯಾಟರಿಯಲ್ಲಿ ಓಡಬೇಕಾದ್ದಕ್ಕೆ ಅದು ಕೊನೆಯ ಪ್ರಶ್ನೆ. ಯಾವ ಬ್ಯಾಟರಿ, ಎಷ್ಟು ಗಂಟೆ ಓಡಬೇಕು, ಯಾವ ಸ್ಪೀಕರ್ ಅಂತ ಗೊತ್ತಾದರೆ ವ್ಯಾಟ್ ತಾನಾಗೇ ಲೆಕ್ಕಕ್ಕೆ ಸಿಗುತ್ತದೆ.

ಈ ಬಗ್ಗೆ ಕೇಳುವವರೂ ಒಂದೇ ಥರದವರಲ್ಲ. ಒಬ್ಬರಿಗೆ ಅಟ್ಟದ ಮೇಲಿದ್ದ ಹಳೇ ರೇಡಿಯೋ ಪೆಟ್ಟಿಗೆಯನ್ನು ಬ್ಲೂಟೂತ್ ಸ್ಪೀಕರ್ ಮಾಡಬೇಕು. ಇನ್ನೊಬ್ಬರಿಗೆ ಕಾಲೇಜಿನ ಮಿನಿ ಪ್ರಾಜೆಕ್ಟ್. ಮತ್ತೊಬ್ಬರಿಗೆ ಕರೆಂಟ್ ಹೋದರೂ ಅಜ್ಜಿಯ ರೇಡಿಯೋ ನಿಲ್ಲಬಾರದು. ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: 386 ತಗೊಳ್ಳಲಾ, 8403 ತಗೊಳ್ಳಲಾ, ಇಲ್ಲ ಅಂಗಡಿಯವರು ಹೇಳಿದ 4440? ಇವು ಆಂಪ್ಲಿಫೈಯರ್ ಐಸಿಗಳ, ಅಂದರೆ ಬೋರ್ಡಿನ ಮೇಲಿನ ಚಿಪ್‌ಗಳ ನಂಬರ್. ಮೂರೂ ಒಳ್ಳೆಯವೇ. ಆದರೆ ಮೂರಕ್ಕೂ ಬೇರೆ ಬೇರೆ ಜಾಗ ಇದೆ.

ಯಾವುದರಿಂದ ಅಳೆಯಬೇಕು

ಮೊದಲು ವೋಲ್ಟೇಜ್. ಇವತ್ತಿನ ಸಣ್ಣ ಬೋರ್ಡುಗಳು ಬಹುತೇಕ ಬ್ರಿಡ್ಜ್ ರೀತಿಯವು. ಅಂದರೆ ಸ್ಪೀಕರ್‌ನ ಎರಡೂ ತಂತಿಗಳನ್ನು ಆಂಪ್ಲಿಫೈಯರ್ರೇ ಓಡಿಸುತ್ತದೆ, ಒಂದೂ ಗ್ರೌಂಡ್‌ಗೆ ಹೋಗುವುದಿಲ್ಲ. ಇಂಥದ್ದರಿಂದ ಹೆಚ್ಚೆಂದರೆ ಎಷ್ಟು ವ್ಯಾಟ್ ಬರಬಹುದು ಅನ್ನೋದಕ್ಕೆ ಸುಲಭದ ಲೆಕ್ಕ ಇದೆ. ಬ್ಯಾಟರಿಯ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರ್‌ನ ಓಮ್‌ನ ಎರಡರಷ್ಟರಿಂದ ಭಾಗಿಸಿ. 5 ವೋಲ್ಟ್, 4 ಓಮ್ ಆದರೆ 25 ಭಾಗಿಸು 8, ಅಂದರೆ 3 ವ್ಯಾಟ್ ಚಿಲ್ಲರೆ. ಒಂದೇ ಲಿಥಿಯಂ ಸೆಲ್‌ನ 3.7 ವೋಲ್ಟ್‌ಗೆ ಅದೇ ಸ್ಪೀಕರ್‌ನಲ್ಲಿ 1.7 ವ್ಯಾಟ್. 12 ವೋಲ್ಟ್, 8 ಓಮ್ ಆದರೆ 9 ವ್ಯಾಟ್. ಸದ್ದು ಸ್ವಲ್ಪ ಒಡೆದರೂ ಪರವಾಗಿಲ್ಲ ಅಂದರೆ ಇದಕ್ಕಿಂತ ಸ್ವಲ್ಪ ಜಾಸ್ತಿ ಹಿಂಡಬಹುದು, ಅಷ್ಟೇ. ‘5 ವೋಲ್ಟ್, 20 ವ್ಯಾಟ್’ ಅಂತ ಡಬ್ಬದ ಮೇಲೆ ಬರೆದಿದ್ದರೆ ನಗುತ್ತಾ ವಾಪಸ್ ಇಡಿ. ತೊಂಬತ್ತರ ದಶಕದ ಟೇಪ್ ರೆಕಾರ್ಡರ್‌ಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೀತಿದ್ದರಲ್ಲ, ಇದು ಅದರ ಮೊಮ್ಮಗು.

‘ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್ ಹಾಕಿದರಾಯಿತಲ್ವಾ?’ ಅಂತ ಕೇಳುತ್ತಾರೆ. ಹಾಕಬಹುದು. ಆದರೆ ಅದು ವೋಲ್ಟೇಜ್ ಏರಿಸುತ್ತದೆಯೇ ಹೊರತು ಶಕ್ತಿ ಹುಟ್ಟಿಸುವುದಿಲ್ಲ. ಸ್ಪೀಕರ್‌ಗೆ 10 ವ್ಯಾಟ್ ಬೇಕಾದ ಕ್ಷಣದಲ್ಲಿ 3.7 ವೋಲ್ಟ್‌ನ ಸೆಲ್ ಮೂರೂವರೆ ಆಂಪ್ ಆಚೀಚೆ ಕೊಡಬೇಕಾಗುತ್ತದೆ. ಅಷ್ಟು ಎಳೆದರೆ ಅಗ್ಗದ ಚಾರ್ಜಿಂಗ್ ಬೋರ್ಡಿನ ರಕ್ಷಣೆ ಸಾಮಾನ್ಯವಾಗಿ ಕಟ್ ಆಗುತ್ತದೆ, ಹಾಡು ತಾಳದ ಮಧ್ಯೆ ನಿಂತುಬಿಡುತ್ತದೆ. ಜಾಸ್ತಿ ವ್ಯಾಟ್ ಬೇಕಿದ್ದರೆ ಸೆಲ್‌ಗಳನ್ನೇ ಸಾಲಾಗಿ ಜೋಡಿಸಿ.

ಎರಡನೆಯದು ಸುಮ್ನೆ ಕೂತಾಗ ಕುಡಿಯುವ ಕರೆಂಟು. ಇದನ್ನು ಯಾರೂ ಕೇಳುವುದಿಲ್ಲ, ಬ್ಯಾಟರಿ ಮುಗಿಸುವುದು ಬಹಳ ಸಲ ಇದೇ. ಹಾಡಿಲ್ಲದಾಗಲೂ ಆಂಪ್ಲಿಫೈಯರ್ ಒಂದಿಷ್ಟು ಕರೆಂಟ್ ಎಳೆಯುತ್ತಲೇ ಇರುತ್ತದೆ. 4 ಮಿಲಿಆಂಪ್ ಎಳೆಯುವವೂ ಇವೆ, 100 ಎಳೆಯುವವೂ ಇವೆ. ಮೆಲ್ಲಗೆ ಕೇಳುವವರಿಗೆ ಗರಿಷ್ಠ ವ್ಯಾಟ್‌ಗಿಂತ ಈ ಅಂಕಿಯೇ ಮುಖ್ಯ.

ಮೂರನೆಯದು ಸ್ಪೀಕರ್. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನೋದು ಅದರ ಸೆನ್ಸಿಟಿವಿಟಿ. ಒಂದು ಸ್ಪೀಕರ್ 84, ಇನ್ನೊಂದು 90 ಇದ್ದರೆ ಆ 6 ಡೆಸಿಬೆಲ್ ವ್ಯತ್ಯಾಸ ನಾಲ್ಕು ಪಟ್ಟು ವ್ಯಾಟ್‌ಗೆ ಸಮ. ಆಂಪ್ಲಿಫೈಯರ್‌ನ ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಬಜೆಟ್ ಬಿಗಿ ಇದ್ದರೆ ಬೋರ್ಡಿಗೆ ಕಡಿಮೆ, ಸ್ಪೀಕರ್‌ಗೆ ಜಾಸ್ತಿ ಖರ್ಚು ಮಾಡಿ. ಆ ಸ್ಪೀಕರನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ. ಬರೀ ಮೇಜಿನ ಮೇಲಿಟ್ಟರೆ ಸ್ಪೀಕರ್‌ನ ಹಿಂಬದಿಯಿಂದ ಹೊರಡುವ ಸದ್ದಿನ ಅಲೆ ಮುಂಬದಿಯ ಅಲೆಯನ್ನು ಕೊಲ್ಲುತ್ತದೆ. ಬೇಸ್ ಇಲ್ಲ ಅಂತ ಬೋರ್ಡನ್ನು ಬೈದು ಪ್ರಯೋಜನ ಇಲ್ಲ.

ಕೊನೆಯದು ಹಾಡು ಎಲ್ಲಿಂದ ಬರುತ್ತದೆ ಅನ್ನೋದು. ಫೋನೋ, ರೇಡಿಯೋನೋ, ಮೈಕೋ, ಇಲ್ಲ ಇಎಸ್‌ಪಿ 32 ಥರದ ಡಿಜಿಟಲ್ ಬೋರ್ಡೋ? ಇದೊಂದರಿಂದಲೇ ಕೆಲವು ಆಯ್ಕೆಗಳು ಬಿದ್ದುಹೋಗುತ್ತವೆ.

ಎಲ್‌ಎಂ 386: ಕಲಿಯುವವರಿಗೆ, ಮೈಕಿಗೆ

ಎಂಟು ಕಾಲಿನ ಕಪ್ಪು ಐಸಿ. ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಕಾಲಿಟ್ಟವರೆಲ್ಲ ನೋಡಿರುತ್ತಾರೆ. ಐವತ್ತು ರೂಪಾಯಿ ಒಳಗೆ ಬರುತ್ತದೆ, ಬ್ರೆಡ್‌ಬೋರ್ಡಿಗೆ ನೇರ ಚುಚ್ಚಬಹುದು. 4ರಿಂದ 12 ವೋಲ್ಟ್‌ವರೆಗೆ ಓಡುತ್ತದೆ. ಸುಮ್ನೆ ಕೂತಾಗ ಎಳೆಯುವುದು ಸುಮಾರು 4 ಮಿಲಿಆಂಪ್. ಇಷ್ಟು ಕೇಳಿದರೆ ಬ್ಯಾಟರಿಗೆ ಇದೇ ಸರಿ ಅನ್ನಿಸುತ್ತದೆ. ಹಾಡು ಶುರುವಾದ ಮೇಲೆ ಕಥೆ ಬದಲಾಗುತ್ತದೆ.

ಇದು ಕ್ಲಾಸ್ ಎಬಿ. ಸ್ಪೀಕರ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಬ್ಯಾಟರಿಯಿಂದ ಎಳೆದು, ಮಿಕ್ಕಿದ್ದನ್ನು ಶಾಖವಾಗಿ ಬಿಡುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದು ಗಾಡಿ ತಳ್ಳಿದ ಹಾಗೆ: ಗಾಡಿ ಮುಂದೆ ಹೋಗುತ್ತದೆ, ಆದರೆ ಪೆಟ್ರೋಲ್‌ನ ದೊಡ್ಡ ಪಾಲು ಕ್ಲಚ್ ಪ್ಲೇಟ್ ಬಿಸಿ ಮಾಡೋಕೇ ಹೋಗುತ್ತದೆ.

ಅಂಕಿಯಲ್ಲೇ ನೋಡೋಣ. 9 ವೋಲ್ಟ್, 8 ಓಮ್ ಸ್ಪೀಕರ್‌ನಲ್ಲಿ ಇದರ ಗರಿಷ್ಠ ಸುಮಾರು 0.7 ವ್ಯಾಟ್. ಹಾಡಿನಲ್ಲಿ ಏರಿಳಿತ ಇರುವುದರಿಂದ ಸರಾಸರಿ ಅದರ ಹತ್ತನೇ ಒಂದು ಪಾಲು ಅಂತ ಇಟ್ಟುಕೊಳ್ಳಿ, 0.07 ವ್ಯಾಟ್. ಅಷ್ಟು ಕೊಡಲು ಬ್ಯಾಟರಿಯಿಂದ ಸುಮಾರು 46 ಮಿಲಿಆಂಪ್ ಹೋಗುತ್ತದೆ. 9 ವೋಲ್ಟ್ ಲೆಕ್ಕದಲ್ಲಿ 0.4 ವ್ಯಾಟ್! ಅಂದರೆ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಶಾಖಕ್ಕೆ. 9 ವೋಲ್ಟ್‌ನ ಚೌಕದ ಆಲ್ಕಲೈನ್ ಬ್ಯಾಟರಿಯಲ್ಲಿ ಇರುವುದೇ 500 ಎಂಎಎಚ್ ಆಸುಪಾಸು. ಕಾಗದದ ಮೇಲೆ ಹತ್ತು ಗಂಟೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕಾರ್ಬನ್ ಬ್ಯಾಟರಿ ಆದರೆ ಅದಕ್ಕೂ ಎಷ್ಟೋ ಮೊದಲೇ ದನಿ ಸೊರಗುತ್ತದೆ. ದಿನಾ ಹಾಡು ಕೇಳಲು ಆ ಬ್ಯಾಟರಿ ಕೊಂಡು ಪೂರೈಸುವುದು ಆಗದ ಮಾತು.

ಹಾಗಾದರೆ 386 ಯಾರಿಗೆ? ಕಲಿಯುವವರಿಗೆ, ಎರಡನೇ ಮಾತಿಲ್ಲ. ಗೇನ್ ಎಂದರೇನು ಅಂತ ಕೈಯಾರೆ ತಿಳಿಯಲು ಇದಕ್ಕಿಂತ ಒಳ್ಳೆಯ ಐಸಿ ಇಲ್ಲ. ಸುಮ್ನೆ ಬಿಟ್ಟರೆ 20 ಪಟ್ಟು ಹಿಗ್ಗಿಸುತ್ತದೆ. ಒಂದು ಮತ್ತು ಎಂಟನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ಹಾಗಾಗಿ ಮೈಕ್, ಗಿಟಾರ್, ಮನೆಯೊಳಗಿನ ಇಂಟರ್‌ಕಾಮ್‌ಗೂ ಸರಿ. ಫೋನಿನ ಹಾಡಿಗೆ 20 ಪಟ್ಟೇ ಸಾಕು. 200ಕ್ಕೆ ಏರಿಸಿದರೆ ಜೊತೆಗೆ ಸುಯ್ ಅನ್ನೋ ಸದ್ದೂ ಏರುತ್ತದೆ.

386 ಕಟ್ಟಿದವರೆಲ್ಲ ಒಮ್ಮೆ ಅನುಭವಿಸುವ ಕಾಟ ಒಂದಿದೆ. ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಸ್ಪೀಕರ್‌ನಿಂದ ‘ಡಬ್ ಡಬ್ ಡಬ್’ ಅಂತ ದೋಣಿ ಮೋಟರ್ ಥರ ಸದ್ದು. ಐಸಿ ಹೋಯಿತು ಅಂತ ಹೊಸದು ತರಬೇಡಿ. ಆರನೇ ಕಾಲು ಪ್ಲಸ್, ನಾಲ್ಕನೇ ಕಾಲು ಗ್ರೌಂಡ್. ಇವೆರಡರ ನಡುವೆ, ಐಸಿಗೆ ಅಂಟಿಕೊಂಡ ಹಾಗೆ, 100 ಮೈಕ್ರೋಫ್ಯಾರಡ್ ಹಾಕಿ. ಏಳನೇ ಕಾಲಿನಿಂದ ಗ್ರೌಂಡ್‌ಗೂ ಒಂದು 10 ಮೈಕ್ರೋಫ್ಯಾರಡ್. ಐದನೇ ಕಾಲಿನ ಔಟ್‌ಪುಟ್‌ನಲ್ಲಿ 10 ಓಮ್ ರೆಸಿಸ್ಟರ್ ಮತ್ತು 0.05 ಮೈಕ್ರೋಫ್ಯಾರಡ್ ಜೋಡಿಯನ್ನು ‘ಇಲ್ಲದಿದ್ದರೂ ನಡೆಯುತ್ತೆ’ ಅಂತ ಬಿಡಬೇಡಿ. ನಡೆಯುತ್ತೆ, ಆಮೇಲೆ ಕಿರುಚುತ್ತೆ.

ಟಿಡಿಎ 2822ಎಂ: ಪೆನ್ಸಿಲ್ ಸೆಲ್ ರೇಡಿಯೋಗೆ

ಇದೂ ಎಂಟು ಕಾಲಿನದೇ, ಇದೂ ಕ್ಲಾಸ್ ಎಬಿ, ಆದರೆ ಒಳಗೆ ಎರಡು ಆಂಪ್ಲಿಫೈಯರ್. ಇದರ ಹೆಚ್ಚುಗಾರಿಕೆ 1.8 ವೋಲ್ಟ್‌ಗೂ ಬದುಕುವುದು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಅವು ಪೂರ್ತಿ ಸೋಲುವವರೆಗೂ ಹಾಡುತ್ತದೆ. 386 ಆದರೆ 4 ವೋಲ್ಟ್‌ಗೇ ಕೈ ಎತ್ತುತ್ತದೆ. ನಾಲ್ಕು ಸೆಲ್ ಹಾಕಿ, ಎರಡೂ ಆಂಪ್ಲಿಫೈಯರ್‌ಗಳನ್ನು ಬ್ರಿಡ್ಜ್ ಮಾಡಿದರೆ 8 ಓಮ್ ಸ್ಪೀಕರ್‌ಗೆ ಒಂದು ವ್ಯಾಟ್ ಮೀರಿ ಬರುತ್ತದೆ. ಒಂದು ಕೋಣೆಗೆ ಧಾರಾಳ.

ಬೆಂಗಳೂರಿನಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ. ಮನೆಯ ಹಿರಿಯರು 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಕೇಳುವವರಾದರೆ ಮೀಡಿಯಂ ವೇವ್ ರೇಡಿಯೋ ಪಕ್ಕದಲ್ಲಿ ಕ್ಲಾಸ್ ಡಿ ಬೋರ್ಡ್ ಇಡಬಾರದು. ಆ ಬೋರ್ಡುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತವೆ. ಕೆಳಗೆ ಹೇಳುವ 8403 ಓಡುವುದು 250 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಅದರ ಎರಡು ಪಟ್ಟು, ಮೂರು ಪಟ್ಟಿನ ಮರಿಗಳು ಸೀದಾ ಮೀಡಿಯಂ ವೇವ್ ಪಟ್ಟಿಯೊಳಗೆ ಬೀಳುತ್ತವೆ. ಸ್ಪೀಕರ್ ತಂತಿಯೇ ಆಂಟೆನಾ ಆಗಿ ಗೊರಗೊರ ಅನ್ನಿಸುತ್ತದೆ. ಕೇಳುವುದು 101.3 ಅಥವಾ 102.9 ಎಫ್‌ಎಂ ಮಾತ್ರ ಅಂದರೆ ತೊಂದರೆ ಕಡಿಮೆ. ಮೀಡಿಯಂ ವೇವ್ ಬೇಕೇ ಬೇಕು ಅಂದರೆ 2822 ಅಥವಾ 386, ಬೇರೆ ಯೋಚನೆ ಬೇಡ.

ಕೊಳ್ಳುವಾಗ ಕೊನೆಯ ‘ಎಂ’ ಅಕ್ಷರ ನೋಡಿ. ಎಂ ಇಲ್ಲದ 2822 ಹದಿನಾರು ಕಾಲಿನ ಬೇರೆ ಐಸಿ.

ಪಿಎಎಂ 8403: ಬಹುಪಾಲು ಜನರಿಗೆ ಇದೇ

ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬೋರ್ಡ್, ನೂರು ರೂಪಾಯಿ ಒಳಗೆ ಸಿಗುತ್ತದೆ. ಒಂದು ಅಂಚಿನಲ್ಲಿ ಎಡ, ಗ್ರೌಂಡ್, ಬಲ ಇನ್‌ಪುಟ್ ತೂತುಗಳು, ಇನ್ನೊಂದು ಕಡೆ ಎರಡು ಸ್ಪೀಕರ್ ಮತ್ತು 5 ವೋಲ್ಟ್. ವಾಲ್ಯೂಮ್ ನಾಬ್ ಇರುವುದೂ ಬರುತ್ತದೆ, ತಿರುಗಿಸಿದರೆ ಟಿಕ್ ಅಂತ ಆನ್ ಆಗುತ್ತದೆ. ನನ್ನ ಮಟ್ಟಿಗೆ ಕೊಳ್ಳಬೇಕಾದ್ದು ಆ ನಾಬ್ ಇರುವುದೇ. ಪ್ರತ್ಯೇಕ ಸ್ವಿಚ್ ಹಾಕುವ ಕೆಲಸ ಉಳಿಯಿತು, ಆಫ್ ಮಾಡಿದಾಗ ಬ್ಯಾಟರಿ ನಿಜವಾಗಿಯೂ ಕಟ್ ಆಗುತ್ತದೆ.

ಇದು ಕ್ಲಾಸ್ ಡಿ, ಎರಡು ಚಾನೆಲ್. ಆನ್-ಆಫ್ ಆಗುತ್ತಾ ಓಡುವುದರಿಂದ ಶಾಖಕ್ಕೆ ಹೋಗುವುದು ಕಡಿಮೆ. 2.5ರಿಂದ 5.5 ವೋಲ್ಟ್ ಅಂದರೆ ಒಂದು 18650 ಸೆಲ್‌ಗೆ (ಹಳೇ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಇರುವ ಥರದ ಲಿಥಿಯಂ ಸೆಲ್) ಹೇಳಿ ಮಾಡಿಸಿದ ಹಾಗಿದೆ. ತುಂಬಿದ ಸೆಲ್ 4.2 ವೋಲ್ಟ್, ಖಾಲಿಯಾಗುವ ಹೊತ್ತಿಗೆ 3ರ ಹತ್ತಿರ, ಎರಡೂ ಇದರ ಮಿತಿಯೊಳಗೇ. ಬೂಸ್ಟ್ ಬೋರ್ಡೇ ಬೇಡ. ಜಾಹೀರಾತಿನ ‘3+3 ವ್ಯಾಟ್’ 5 ವೋಲ್ಟ್, 4 ಓಮ್, ಸದ್ದು ನೂರಕ್ಕೆ ಹತ್ತರಷ್ಟು ಒಡೆದಾಗಿನ ಅಂಕಿ. ಸೆಲ್‌ನಿಂದ ನೇರ ಓಡಿಸಿದರೆ ಒಂದೊಂದು ಕಡೆಗೆ ಒಂದೂವರೆ ವ್ಯಾಟ್ ಅಂದುಕೊಳ್ಳಿ.

386ರ ಜೊತೆ ಅದೇ ತಕ್ಕಡಿಯಲ್ಲಿ ತೂಗೋಣ. ಸ್ಪೀಕರ್‌ಗೆ ಸರಾಸರಿ 0.07 ವ್ಯಾಟ್ ಕೊಡಲು, ಸುಮ್ನೆ ಎಳೆಯುವ 10 ಮಿಲಿಆಂಪ್ ಸೇರಿಸಿದರೂ ಸೆಲ್‌ನಿಂದ ಹೋಗುವುದು ಸುಮಾರು 30 ಮಿಲಿಆಂಪ್, ಅಂದರೆ 0.12 ವ್ಯಾಟ್. 386ರ ಮೂರನೇ ಒಂದು ಪಾಲಿಗಿಂತ ಕಡಿಮೆ. 2000 ಎಂಎಎಚ್ ಸೆಲ್ ಅರವತ್ತು ಗಂಟೆ ಮುಟ್ಟಬಹುದು. ನಾಲ್ಕು ಪಟ್ಟು ವ್ಯಾಟ್ ಏರಿಸಿ ಸರಾಸರಿ 0.3 ವ್ಯಾಟ್‌ನಲ್ಲಿ ಕೇಳಿದರೂ ಹದಿನೆಂಟು ಗಂಟೆ ಆಸುಪಾಸು. ಬ್ಲೂಟೂತ್ ಮಾಡ್ಯೂಲ್ ಎಳೆಯುವುದನ್ನು ಇದರಿಂದ ಕಳೆಯಬೇಕು, ಆದರೂ ವಾರದಲ್ಲಿ ಒಂದೆರಡು ಸಲ ಚಾರ್ಜ್ ಮಾಡಿದರೆ ಸಾಕು.

ತಕರಾರುಗಳೂ ಇವೆ. ಇದು ಬ್ರಿಡ್ಜ್ ಔಟ್‌ಪುಟ್. ಎರಡು ಸ್ಪೀಕರ್‌ಗಳ ಮೈನಸ್ ತಂತಿಗಳನ್ನು ಒಟ್ಟು ಸೇರಿಸಬಾರದು, ಗ್ರೌಂಡ್‌ಗೂ ಮುಟ್ಟಿಸಬಾರದು. ಹೆಡ್‌ಫೋನ್ ಜ್ಯಾಕ್ ಹಾಕುವ ಆಸೆಯಲ್ಲಿ ಜನ ಇದನ್ನೇ ಮಾಡುತ್ತಾರೆ, ಯಾಕೆಂದರೆ ಜ್ಯಾಕ್‌ನಲ್ಲಿ ಗ್ರೌಂಡ್ ಒಂದೇ ಇರುತ್ತದೆ. ಬೋರ್ಡ್ ಹೊಗೆ ಬಿಡದೆಯೇ ಸಾಯುತ್ತದೆ. ಪ್ಲಸ್-ಮೈನಸ್ ಉಲ್ಟಾ ಕೊಟ್ಟರೂ ಅದೇ ಗತಿ. ಸ್ಪೀಕರ್ ತಂತಿ ಗಿಡ್ಡ ಇರಲಿ. ಪವರ್ ತೂತುಗಳ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆಯಿರಿ, ಡ್ರಮ್ ಬಡಿದಾಗ ದನಿ ಕುಗ್ಗುವುದು ಕಡಿಮೆಯಾಗುತ್ತದೆ.

ಬ್ಲೂಟೂತ್ ಸ್ಪೀಕರ್ ಮಾಡುವವರು ಎಲ್ಲರೂ ಹೇಳುವ ದೂರು ಬೇರೆ: ‘ಹಾಡು ನಿಂತಾಗ ಕುಯ್ಯೋ ಅನ್ನುತ್ತೆ.’ ಬ್ಲೂಟೂತ್ ಮಾಡ್ಯೂಲ್ ಮತ್ತು ಆಂಪ್ಲಿಫೈಯರ್ ಒಂದೇ ಬ್ಯಾಟರಿಯ ಗ್ರೌಂಡ್ ಹಂಚಿಕೊಂಡಿದ್ದರಿಂದ ಮಾಡ್ಯೂಲಿನ ಡಿಜಿಟಲ್ ಗಲಾಟೆ ಆಡಿಯೋ ದಾರಿಗೆ ಸೇರುತ್ತದೆ. ಬಿ0505ಎಸ್ ಅನ್ನೋ 1 ವ್ಯಾಟ್‌ನ ಪುಟ್ಟ ಐಸೊಲೇಟೆಡ್ ಕನ್ವರ್ಟರ್ ಸಿಗುತ್ತದೆ, ನಾಲ್ಕು ಕಾಲಿನ ಕಪ್ಪು ತುಂಡು. 5 ವೋಲ್ಟ್ ತಗೊಂಡು ಬೇರೆ ಗ್ರೌಂಡಿನ 5 ವೋಲ್ಟ್ ಕೊಡುತ್ತದೆ. ಬ್ಲೂಟೂತ್ ಮಾಡ್ಯೂಲ್‌ಗೆ ಮಾತ್ರ ಅದರಿಂದ ಕರೆಂಟ್ ಕೊಡಿ. ಅದು 200 ಮಿಲಿಆಂಪ್‌ವರೆಗೆ ತಡೆಯುತ್ತದೆ. ಆದರೆ ಅದಕ್ಕೆ 5 ವೋಲ್ಟ್ ಬೇಕು, ಅಂದರೆ ಬೂಸ್ಟ್ ಬೋರ್ಡ್ ಮತ್ತೆ ಒಳಗೆ ಬಂತು. ಖರ್ಚು, ಬ್ಯಾಟರಿ ಎರಡೂ ಸ್ವಲ್ಪ ಜಾಸ್ತಿ. ಹಾಡು ಜೋರಾಗಿ ಕೇಳುವವರು ಆ ಕುಯ್ಯೋ ಸಹಿಸಬಹುದು. ರಾತ್ರಿ ಮೆಲ್ಲಗೆ ಕೇಳುವವರು ಆ ಖರ್ಚು ಮಾಡಲೇಬೇಕು.

ಇನ್ನೊಂದು ಮಾತು. ಒಂದು ಗೇಣು ಪೆಟ್ಟಿಗೆಯಲ್ಲಿ ಎರಡು ಸ್ಪೀಕರ್ ಕೂರಿಸಿ ಸ್ಟೀರಿಯೋ ಅನ್ನುವುದರಲ್ಲಿ ಅರ್ಥ ಇಲ್ಲ. ಅದೇ ಜಾಗಕ್ಕೆ ಒಂದು ದೊಡ್ಡ ಸ್ಪೀಕರ್ ಹಾಕಿ. ಆಗ ಪಿಎಎಂ 8302 ಇದೆ: ಒಂದೇ ಚಾನೆಲ್, 2.5 ವ್ಯಾಟ್, ಸುಮ್ನೆ ಎಳೆಯುವುದು 4 ಮಿಲಿಆಂಪ್ ಮಾತ್ರ. ಫೋನಿನ ಎಡ-ಬಲ ಎರಡನ್ನೂ ನೇರ ಸೇರಿಸಬೇಡಿ, ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ. ಕರೆಗಂಟೆ, ಅಲಾರಂ ಥರ ದಿನಪೂರ್ತಿ ಸುಮ್ಮನಿದ್ದು ಒಮ್ಮೆ ಮಾತ್ರ ಕೂಗುವ ಕೆಲಸಕ್ಕೂ ಇದೇ ಒಳ್ಳೆಯದು. ಶಟ್‌ಡೌನ್ ಕಾಲು ಹೊರಗೆ ತಂದಿರುವ ಬೋರ್ಡ್ ಕೇಳಿ ತಗೊಳ್ಳಿ. ಮಲಗಿಸಿದಾಗ ಇದು ಎಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇಎಸ್‌ಪಿ 32, ರಾಸ್ಪ್‌ಬೆರಿ ಪೈ ಇದ್ದರೆ

ಮಿನಿ ಪ್ರಾಜೆಕ್ಟ್ ಮಾಡುವವರು ಡಿಜಿಟಲ್ ಬೋರ್ಡಿನ ಸದ್ದನ್ನು ಮೊದಲು ಅನಲಾಗ್ ಮಾಡಿ, ಆಮೇಲೆ 8403ಗೆ ಕೊಟ್ಟು, ಕೊನೆಗೆ ಗೊರಗೊರ ಅಂತ ಒದ್ದಾಡುತ್ತಾರೆ. ಮ್ಯಾಕ್ಸ್ 98357ಎ ಅನ್ನೋ ಆಂಪ್ಲಿಫೈಯರ್ ಬೋರ್ಡ್, ಆ ಬೋರ್ಡುಗಳು ಕೊಡುವ ಐ2ಎಸ್ ಅನ್ನೋ ಡಿಜಿಟಲ್ ಸಿಗ್ನಲ್ಲನ್ನೇ ನೇರ ತಗೊಳ್ಳುತ್ತದೆ. ಮೂರು ಸಿಗ್ನಲ್ ತಂತಿ, ಎರಡು ಪವರ್ ತಂತಿ, ಒಂದು ಸ್ಪೀಕರ್, ಮುಗೀತು. 5 ವೋಲ್ಟ್, 4 ಓಮ್‌ಗೆ 3.2 ವ್ಯಾಟ್‌ವರೆಗೆ. ಸುಮ್ನೆ ಎಳೆಯುವುದು ಎರಡೂವರೆ ಮಿಲಿಆಂಪ್ ಕೂಡ ಇಲ್ಲ. 8403ಗಿಂತ ಬೆಲೆ ಜಾಸ್ತಿ, ಆದರೆ ಉಳಿಯುವ ತಲೆನೋವಿಗೆ ಹೋಲಿಸಿದರೆ ಅಗ್ಗ. ಫೋನಿನ ಜ್ಯಾಕ್‌ಗೋ ರೇಡಿಯೋಗೋ ಇದು ಕೆಲಸಕ್ಕೆ ಬಾರದು, ಇದಕ್ಕೆ ಅನಲಾಗ್ ಇನ್‌ಪುಟ್ಟೇ ಇಲ್ಲ.

ಟೆರೇಸಿಗೆ, ತಳ್ಳುಗಾಡಿಗೆ, ಮತ್ತೆ ಆ 4440

ಟೆರೇಸಿನಲ್ಲಿ ಹತ್ತು ಜನ ಕೂತು ಕೇಳಬೇಕು ಅಂದರೆ ಒಂದೂವರೆ ವ್ಯಾಟ್ ಸಾಲದು. ಮೂರು 18650 ಸೆಲ್ ಸಾಲಾಗಿ ಜೋಡಿಸಿ, ಸುಮಾರು 9ರಿಂದ 12.6 ವೋಲ್ಟ್ ಮಾಡಿ, ಟಿಪಿಎ 3110 ಬೋರ್ಡ್ ಹಾಕಿ. ಇದು 8ರಿಂದ 26 ವೋಲ್ಟ್‌ನದು, ಕ್ಲಾಸ್ ಡಿ. 8 ಓಮ್ ಸ್ಪೀಕರ್‌ಗೆ ಒಂದೊಂದು ಕಡೆಗೆ ಎಂಟೊಂಬತ್ತು ವ್ಯಾಟ್ ಬರುತ್ತದೆ. ಆದರೆ ಖರ್ಚು ಬೋರ್ಡಿನದಲ್ಲ. ಮೂರು ಸೆಲ್, ಅವನ್ನು ಸಮ ಇಡುವ ಬಿಎಂಎಸ್ ಬೋರ್ಡ್, 12.6 ವೋಲ್ಟ್ ಚಾರ್ಜರ್, ದೊಡ್ಡ ಸ್ಪೀಕರ್, ದೊಡ್ಡ ಪೆಟ್ಟಿಗೆ ಎಲ್ಲಾ ಸೇರಿ ಏರುತ್ತದೆ. ಸುಮ್ನೆ ಕೂತಾಗಲೇ 12 ವೋಲ್ಟ್‌ನಲ್ಲಿ 20 ಮಿಲಿಆಂಪ್ ಆಚೀಚೆ ಎಳೆಯುತ್ತದೆ, ಹಾಸಿಗೆ ಪಕ್ಕದ ಸ್ಪೀಕರ್‌ಗೆ ಇದನ್ನು ಹಾಕುವುದು ದುಂದು. ರಾತ್ರಿ ಹತ್ತರ ಮೇಲೆ ಟೆರೇಸಲ್ಲಿ ಹಾಕಿದರೆ ಪಕ್ಕದ ಮನೆಯವರ ಜೊತೆ ಕಾನೂನೂ ನಿಮ್ಮ ಪರ ಇರುವುದಿಲ್ಲ, ಅದು ಬೇರೆ ವಿಷಯ.

ಈಗ 4440. ಅಂಗಡಿಯವರು ‘ಇದು ತಗೊಳ್ಳಿ ಸಾರ್, ಬೇಸ್ ಸೂಪರ್ ಬರುತ್ತೆ’ ಅನ್ನುತ್ತಾರೆ. ಸುಳ್ಳಲ್ಲ. ಕಾರ್ ಸ್ಟೀರಿಯೋಗಾಗಿ ಬಂದ ಎಲ್‌ಎ 4440 ನಮ್ಮ ದೇಶದಲ್ಲಿ ಎಷ್ಟು ಮನೆಗಳ ಡಬ್ಬದಲ್ಲಿ ಹಾಡಿದೆಯೋ ಲೆಕ್ಕವಿಲ್ಲ. ಎರಡು ಚಾನೆಲ್ ಆದರೆ 6 ವ್ಯಾಟ್‌ನಂತೆ, ಬ್ರಿಡ್ಜ್ ಮಾಡಿದರೆ 19 ವ್ಯಾಟ್. ಆದರೆ ಅದು ಓಡುತ್ತಿದ್ದದ್ದು ಕಾರಿನ ದೊಡ್ಡ ಬ್ಯಾಟರಿಯಲ್ಲಿ. ಸುಮ್ನೆ ಕೂತಾಗಲೇ 100 ಮಿಲಿಆಂಪ್ ಎಳೆಯುತ್ತದೆ. 12 ವೋಲ್ಟ್‌ಗೆ 1.2 ವ್ಯಾಟ್. ಮೇಲೆ ಲೆಕ್ಕ ಹಾಕಿದ 8403 ಹಾಡು ಹಾಡುತ್ತಾ ಎಳೆಯುವ 0.12 ವ್ಯಾಟ್‌ನ ಹತ್ತು ಪಟ್ಟು, ಅದೂ ಒಂದು ಸ್ವರ ಹೊರಡುವ ಮೊದಲೇ! ಹೀಟ್‌ಸಿಂಕ್ ಬೇರೆ ಬೇಕು. ನಿಮ್ಮ ಹತ್ತಿರ 12 ವೋಲ್ಟ್, 7 ಎಎಚ್‌ನ ಯುಪಿಎಸ್ ಬ್ಯಾಟರಿ ಸುಮ್ನೆ ಬಿದ್ದಿದ್ದು, ಸ್ಪೀಕರ್ ಒಂದೇ ಕಡೆ ಇರುವುದಾದರೆ 4440 ಧಾರಾಳವಾಗಿ ಹಾಕಿ. ಕೈಯಲ್ಲಿ ಹಿಡಿದು ಓಡಾಡುವುದಕ್ಕೆ ಬೇಡ.

ತಳ್ಳುಗಾಡಿಯಲ್ಲಿ ‘ಸೊಪ್ಪು, ಸೊಪ್ಪೂ’ ಅಂತ ರೆಕಾರ್ಡ್ ಮಾಡಿ ಕೂಗಿಸುವವರಿಗೆ ಬೇಕಾದ್ದು ಇನ್ನೊಂದೇ ಥರ. ಅಲ್ಲಿ ಬೇಸ್ ಬೇಡ, ಮಾತು ಮೂರನೇ ಮಹಡಿಗೆ ಸ್ಪಷ್ಟವಾಗಿ ಕೇಳಬೇಕು. ಸಣ್ಣ ಹಾರ್ನ್ ಸ್ಪೀಕರ್ 1 ವ್ಯಾಟ್‌ಗೇ 100 ಡೆಸಿಬೆಲ್ ಆಸುಪಾಸು ಕೊಡುತ್ತದೆ. ಅದಕ್ಕೆ 3 ವ್ಯಾಟ್‌ನ ಪುಟ್ಟ ಬೋರ್ಡ್ ಕೊಟ್ಟರೂ ಪೆಟ್ಟಿಗೆ ಸ್ಪೀಕರಿನ 20 ವ್ಯಾಟ್‌ಗಿಂತ ಜೋರು. ಅಲ್ಲಿ ದುಡ್ಡು ಹೋಗಬೇಕಾದ್ದು ಹಾರ್ನ್‌ಗೆ.

ಎಸ್.ಪಿ. ರೋಡಿಗೆ ಹೊರಟಾಗ

ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಬಿಡಿ, ಗಾಡಿ ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಶಾಪಿಂಗ್ ಮುಗಿದಿರುತ್ತದೆ. ಬೋರ್ಡಿನ ಜೊತೆ ಟಿಪಿ 4056 ಚಾರ್ಜಿಂಗ್ ಬೋರ್ಡ್ ಬೇಕು. ಅದರಲ್ಲಿ ಎರಡು ಥರ. ಬರೀ ಚಾರ್ಜ್ ಮಾಡುವುದು ಒಂದು, ಸೆಲ್ ತೀರಾ ಖಾಲಿಯಾಗದಂತೆ ಕಾಯುವುದು ಇನ್ನೊಂದು. ಎರಡನೆಯದರಲ್ಲಿ ಬ್ಯಾಟರಿ ತೂತುಗಳ ಜೊತೆ ಔಟ್‌ಪುಟ್ ತೂತುಗಳೂ ಬೇರೆ ಇರುತ್ತವೆ. ಅದನ್ನೇ ತಗೊಳ್ಳಿ. ಚಾರ್ಜ್ ಆಗುವಾಗ ಹಾಡು ಹಾಕಬೇಡಿ, ಹಾಡು ಎಳೆಯುವ ಕರೆಂಟಿನಿಂದ ಸೆಲ್ ತುಂಬಿದ್ದು ಆ ಬೋರ್ಡಿಗೆ ಸರಿಯಾಗಿ ತಿಳಿಯುವುದಿಲ್ಲ.

ಸೋಲ್ಡರಿಂಗ್ ಬೇಡ, ಪವರ್ ಬ್ಯಾಂಕಿನಿಂದಲೇ ಓಡಿಸುತ್ತೇನೆ ಅನ್ನುವವರಿಗೆ ಒಂದು ಎಚ್ಚರಿಕೆ. ಬಹಳಷ್ಟು ಪವರ್ ಬ್ಯಾಂಕ್‌ಗಳು ಕರೆಂಟ್ ತೀರಾ ಕಡಿಮೆ ಹೋಗುತ್ತಿದ್ದರೆ ಫೋನ್ ಚಾರ್ಜ್ ಆಯಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ಮೆಲ್ಲಗೆ ಹಾಡು ಕೇಳುತ್ತಿದ್ದರೆ ಸ್ವಲ್ಪ ಹೊತ್ತಿಗೇ ಮೌನ. ಕೊಳ್ಳುವ ಮೊದಲೇ ನಿಮ್ಮ ಪವರ್ ಬ್ಯಾಂಕಿಗೆ ಒಂದು ಸಣ್ಣ ಯುಎಸ್‌ಬಿ ಎಲ್‌ಇಡಿ ಸಿಕ್ಕಿಸಿ, ಎಷ್ಟು ಹೊತ್ತು ಉರಿಯುತ್ತದೆ ನೋಡಿ.

ಸೆಲ್ ವಿಷಯದಲ್ಲಿ ಕಣ್ಣು ತೆರೆದಿರಲಿ. 18650ರ ಮೇಲೆ ‘9900 ಎಂಎಎಚ್’ ಅಂತ ಬರೆದಿದ್ದರೆ ಅದು ಖಂಡಿತ ಸುಳ್ಳು. ಆ ಅಳತೆಯ ಒಳ್ಳೆಯ ಸೆಲ್‌ನಲ್ಲಿ ಹಿಡಿಯುವುದು 3500 ಆಚೀಚೆ. ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ. ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿದರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 30ಕ್ಕೇ ನಿಂತರೆ, ಒಳಗೆ ಇರಬೇಕಾದ್ದು ಇಲ್ಲ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್‌ಗಳು ಅಗ್ಗ, ಕೆಲವು ನಿಜವಾಗಿಯೂ ಚೆನ್ನಾಗಿರುತ್ತವೆ. ಮಲ್ಟಿಮೀಟರ್ ತಗೊಂಡು ಹೋಗಿ, 2.5 ವೋಲ್ಟ್‌ಗಿಂತ ಕೆಳಗಿರುವುದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ.

8403 ಬೋರ್ಡನ್ನಂತೂ ಎರಡು ತಗೊಳ್ಳಿ. ಮೊದಲನೆಯದಕ್ಕೆ ಯಾರಾದರೂ ಪ್ಲಸ್-ಮೈನಸ್ ಉಲ್ಟಾ ಕೊಟ್ಟೇ ಕೊಡುತ್ತಾರೆ, ಅಷ್ಟಕ್ಕೆ ಮತ್ತೆ ಮಾರ್ಕೆಟ್‌ವರೆಗೆ ಬರುವ ಟಿಕೆಟ್ ದುಡ್ಡಿಗೇ ಇನ್ನೊಂದು ಬೋರ್ಡ್ ಬಂದುಬಿಡುತ್ತದೆ.